ಗೋಡೆಯ ಮೇಲಿನ ಮಾರ್ಕರ್ ಗೆರೆ: ಉಜ್ಜುವುದಕ್ಕೆ ಮೊದಲು

ಕಳೆದ ತಿಂಗಳು ಒಂದು ಮಧ್ಯಾಹ್ನ ನಾನು ಸಾರಿಗೆ ಒಗ್ಗರಣೆ ಹಾಕಿ ಹೊರಬರುವಷ್ಟರಲ್ಲಿ, ಮೂರು ವರ್ಷದ ಮಗಳು ನಡುಮನೆಯ ಗೋಡೆಯ ಮೇಲೆ ನೀಲಿ ಪರ್ಮನೆಂಟ್ ಮಾರ್ಕರಿನಿಂದ ಬಾಗಿಲ ಪಕ್ಕದಿಂದ ಕಿಟಕಿಯವರೆಗೆ ಒಂದು ಉದ್ದನೆಯ ಗೆರೆ ಎಳೆದಿದ್ದಳು. ಏನದು ಎಂದು ಕೇಳಿದರೆ "ರೈಲು ಅಮ್ಮಾ" ಎಂದಳು. ಗಾಬರಿಯಲ್ಲಿ ನಾನು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಬಟ್ಟೆ ಅದ್ದಿ ಬಲವಾಗಿ ಉಜ್ಜಿದೆ. ಗೆರೆ ಹೋಗಲಿಲ್ಲ; ಹೊಳಪಿಲ್ಲದ ಆ ಗೋಡೆಯ ಮೇಲೆ ಅಂಗೈಯಗಲದ ಒಂದು ಮಿರುಗುವ ಪಟ್ಟೆ ಮಾತ್ರ ಮೂಡಿತು. ಸಂಜೆಯ ಬಿಸಿಲು ಓರೆಯಾಗಿ ಬಿದ್ದಾಗ ಅದು ಈಗಲೂ ಎದ್ದು ಕಾಣುತ್ತದೆ. ಮಗಳ ಕೈಯಿಂದಾದ ಕಲೆಗಿಂತ ನನ್ನ ಅವಸರದಿಂದಾದ ಕಲೆಯೇ ದೊಡ್ಡದಾಯಿತು ಎನ್ನುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ನೋಡಬೇಕಾದುದು ಶಾಯಿಯನ್ನು. ಮಕ್ಕಳ ಸ್ಕೆಚ್ ಪೆನ್ನುಗಳಲ್ಲಿ ಸಾಮಾನ್ಯವಾಗಿ ನೀರಿನಲ್ಲಿ ಕರಗುವ ಬಣ್ಣವಿರುವುದರಿಂದ, ಹಿಂಡಿದ ಒದ್ದೆ ಬಟ್ಟೆಯೇ ಬಹುಮಟ್ಟಿಗೆ ಸಾಕಾಗುತ್ತದೆ. ಪರ್ಮನೆಂಟ್ ಮಾರ್ಕರಿನ ಶಾಯಿ ಹಾಗಲ್ಲ. ಅದರಲ್ಲಿ ಬಣ್ಣವನ್ನೂ ಅಂಟಿನಂಥ ರಾಳವನ್ನೂ ಹೆಚ್ಚಾಗಿ ಆಲ್ಕೋಹಾಲಿನಲ್ಲಿ ಕರಗಿಸಿರುತ್ತಾರೆ. ಆಲ್ಕೋಹಾಲು ಆರಿದ ಮೇಲೆ ಉಳಿಯುವ ಪದರ ನೀರಿಗೆ ಬಗ್ಗುವುದಿಲ್ಲ, ಮತ್ತೆ ಆಲ್ಕೋಹಾಲು ತಾಗಿದರೆ ಸಡಿಲವಾಗುತ್ತದೆ. ಮೆಡಿಕಲ್ ಅಂಗಡಿಯ ಸರ್ಜಿಕಲ್ ಸ್ಪಿರಿಟ್ ಅಥವಾ ಮನೆಯಲ್ಲಿ ಉಳಿದಿರುವ ಸ್ಯಾನಿಟೈಜರ್ ಕೆಲಸಕ್ಕೆ ಬರುವುದು ಇದಕ್ಕೇ.

ಆದರೆ ಶಾಯಿಯಷ್ಟೇ ಮುಖ್ಯವಾದುದು ಗೋಡೆಯ ಬಣ್ಣ. ಒಣ ಬೆರಳಿನಿಂದ ಗೋಡೆಯನ್ನು ಸವರಿದಾಗ ಬಿಳಿ ಪುಡಿ ಅಂಟಿದರೆ ಅದು ಸುಣ್ಣ ಅಥವಾ ಅಗ್ಗದ ಡಿಸ್ಟೆಂಪರ್ ಇರಬಹುದು. ಅಂಥ ಗೋಡೆಯಲ್ಲಿ ಶಾಯಿಗಿಂತ ಮೊದಲು ಬಣ್ಣವೇ ಎದ್ದು ಬರುವುದರಿಂದ ಒರೆಸುವ ಗೋಜಿಗೆ ಹೋಗದಿರುವುದೇ ಲೇಸು. ಅಡುಗೆಮನೆಯ ಎನಾಮೆಲ್ ಬಣ್ಣ ಸಾಕಷ್ಟು ತಡೆದುಕೊಳ್ಳುತ್ತದೆ. ನಮ್ಮ ನಡುಮನೆಯ ಗೋಡೆಗಿರುವ ಎಮಲ್ಷನ್, ಅಂದರೆ ನೀರು ಬೆರೆಸಿ ಬಳಿಯುವ ಬಣ್ಣ, ಇವೆರಡರ ನಡುವಿನದು, ಆದ್ದರಿಂದ ಬೀರುವಿನ ಹಿಂದೆ ಕಾಣದ ಜಾಗದಲ್ಲಿ ಒಂದು ಹನಿ ಸ್ಪಿರಿಟ್ ಹಚ್ಚಿ ನೋಡಿದ ಮೇಲೆಯೇ ನಾನು ಎರಡನೆಯ ಸಲ ಕೈಹಾಕಿದೆ.

ಆ ದಿನ ದೇವರ ದೀಪ ಆರುವವರೆಗೆ ಕಾದು, ಒಲೆಯನ್ನೂ ಆರಿಸಿ, ಕಿಟಕಿಗಳನ್ನು ತೆರೆದು, ಮಗಳನ್ನು ಅಜ್ಜಿಯ ಬಳಿ ಬಿಟ್ಟೆ. ಸ್ಪಿರಿಟ್ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂಬುದನ್ನು ಯಾರೂ ಮರೆಯಬಾರದು. ಹತ್ತಿಯನ್ನು ತೊಟ್ಟಿಕ್ಕದಷ್ಟು ಮಾತ್ರ ನೆನೆಸಿ, ಗೆರೆಯ ಮೇಲೆ ಒತ್ತಿ ಎತ್ತಿದರೆ ಅದರ ಮೇಲೆ ತೆಳು ನೀಲಿ ಗೆರೆಯೊಂದು ಅಚ್ಚಾಗುತ್ತಿತ್ತು. ಅದೇ ಹತ್ತಿಯನ್ನು ಮತ್ತೊಮ್ಮೆ ಒತ್ತಿದರೆ ಆ ನೀಲಿಯೇ ಗೋಡೆಗೆ ಮರಳಿ ಮಂಜಿನಂತೆ ಹರಡುತ್ತದೆ, ಹಾಗಾಗಿ ಪ್ರತಿ ಸಲವೂ ಹೊಸ ಹತ್ತಿ ಬೇಕು. ಕಲೆಯ ಅಂಚಿನಿಂದ ಒಳಕ್ಕೆ ಬರಬೇಕು, ಎಂದೂ ಹೊರಕ್ಕೆ ಎಳೆಯಬಾರದು. ಇಡೀ ರೈಲಿಗೆ ಸುಮಾರು ಒಂದು ಗಂಟೆ ಹಿಡಿಯಿತು. ಉಗುರುಬಣ್ಣ ತೆಗೆಯುವ ದ್ರವವನ್ನು ನೆರೆಯವರು ಸೂಚಿಸಿದ್ದರು, ಆದರೆ ಅದರಲ್ಲಿ ಹೆಚ್ಚಾಗಿ ಇರುವ ಅಸಿಟೋನ್ ಎಮಲ್ಷನ್ನನ್ನೇ ಕರಗಿಸಿಬಿಡುತ್ತದೆ. ಬಿಳಿ ಟೂತ್‌ಪೇಸ್ಟು ಶಾಯಿಯನ್ನು ಕರಗಿಸುವುದಿಲ್ಲ, ನಯವಾಗಿ ಕೆರೆಯುತ್ತದೆ ಅಷ್ಟೆ. ಉಳಿದ ಚುಕ್ಕೆಯೊಂದಕ್ಕೆ ಅದು ಸಾಕು.

ಇಷ್ಟಾದರೂ ಕಿಟಕಿಯ ಬಳಿ, ಮಗಳು ಇಂಜಿನ್ನನ್ನು ಒತ್ತಿ ಒತ್ತಿ ತುಂಬಿಸಿದ ಜಾಗದಲ್ಲಿ, ನಸುನೀಲಿ ನೆರಳು ಉಳಿದಿದೆ. ಅದರ ಮೇಲೆ ನೇರವಾಗಿ ಎಮಲ್ಷನ್ ಬಳಿದರೆ ಶಾಯಿ ಹೊಸ ಬಣ್ಣದೊಳಗಿಂದ ಮತ್ತೆ ಮೇಲೇರುತ್ತದೆ; ಮೊದಲು ಕಲೆ ತಡೆಯುವ ಪ್ರೈಮರ್ ಒಂದು ಕೈ ಬಳಿದು ಒಣಗಿಸಬೇಕು. ಅಷ್ಟು ಜಾಗಕ್ಕೆ ಮಾತ್ರ ತೇಪೆ ಹಚ್ಚಿದರೆ ಬಣ್ಣದ ವ್ಯತ್ಯಾಸ ಕಾಣುವುದರಿಂದ, ಹಳೆಯ ಡಬ್ಬದ ಮುಚ್ಚಳದ ಮೇಲಿನ ಶೇಡ್ ಸಂಖ್ಯೆಯನ್ನು ಬರೆದಿಟ್ಟುಕೊಂಡಿದ್ದೇನೆ. ಮಳೆಗಾಲ ಕಳೆದ ಮೇಲೆ ಆ ಒಂದು ಗೋಡೆಯನ್ನು ಮೂಲೆಯಿಂದ ಮೂಲೆಗೆ ಬಳಿಸುತ್ತೇವೆ, ನಾನು ಉಜ್ಜಿದ ಮಿರುಗುವ ಪಟ್ಟೆಯೂ ಆಗಲೇ ಮರೆಯಾಗುತ್ತದೆ.