ಮೊದಲು ಮೀನು, ಆಮೇಲೆ ಬೆಂಕಿ

ತಪ್ಪು ನನ್ನದೇ. ಇಂಗ್ಲೆಂಡಿನ ಒಂದು ಗ್ರಂಥಾಲಯದಲ್ಲಿ ಹಳೇ ಕಾಗದಪತ್ರಗಳ ಫೋಟೋ ತೆಗೆಯುವ ಕೆಲಸ ನನ್ನದು. ಆ ವಾರ ಕೈಗೆ ಬಂದಿದ್ದು ಒಂದೇ ಒಂದು ಚರ್ಮದ ಹಾಳೆ. ಗ್ರೀಕ್, 13ನೇ ಶತಮಾನ, ಚರ್ಚಿನ ಹಾಡುಗಳು ಅಂತ ಜೊತೆಗಿದ್ದ ಚೀಟಿಯಲ್ಲಿ ಬರೆದಿತ್ತು. ಮೂಲ ಪುಸ್ತಕ ಯಾವತ್ತೋ ಹಾಳಾಗಿ, ಯಾವನೋ ಬೈಂಡರ್ ಈ ಹಾಳೆಯ ನಾಲ್ಕೂ ಅಂಚು ಕತ್ತರಿಸಿ ಇನ್ನೊಂದು ಪುಸ್ತಕದ ರಟ್ಟಿಗೆ ಅಂಟಿಸಿಬಿಟ್ಟಿದ್ದ. ಚರ್ಮ ಗಟ್ಟಿ ಅಲ್ವಾ, ಆಗೆಲ್ಲ ಇದು ಮಾಮೂಲು. ಒಂದು ಬದಿ ಅಂಟು ಹಿಡಿದು ಕಂದಾಗಿತ್ತು, ಇನ್ನೊಂದು ಚೆನ್ನಾಗಿತ್ತು. ಚೆನ್ನಾಗಿರೋದೇ ಮೊದಲ ಪುಟ ಇರಬೇಕು ಅಂತ ಅದಕ್ಕೆ ಒಂದನೇ ನಂಬರ್ ಕೊಟ್ಟು, ಊಟಕ್ಕೆ ಹೋದೆ.

ಅಕ್ಷರಗಳ ಮೇಲೆ ಸಾಲು ಸಾಲಾಗಿ ಗೀಟು, ಕೊಕ್ಕೆ, ಚುಕ್ಕೆ. ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದರೆ ಚರ್ಮದಲ್ಲಿ ಕೂದಲಿದ್ದ ಜಾಗದ ಚುಕ್ಕೆ ಯಾವುದು, ಬರೆದ ಚುಕ್ಕೆ ಯಾವುದು ಅಂತಾನೇ ಗೊತ್ತಾಗುತ್ತಿರಲಿಲ್ಲ.

ಎರಡು ವಾರ ಬಿಟ್ಟು ಗ್ರೀಸಿನ ಒಬ್ಬ ಸಂಶೋಧಕಿಯಿಂದ ಇಮೇಲ್ ಬಂತು. ಇವು ಒಂದೇ ಹಾಳೆಯ ಎರಡು ಬದಿಗಳು ಹೌದೇ, ಮಾತೂ ಕೂಡುತ್ತಿಲ್ಲ, ರಾಗವೂ ಕೂಡುತ್ತಿಲ್ಲ ಅಂತ. ಅದಾಗಿ ಸ್ವಲ್ಪ ದಿನಕ್ಕೆ ಅವರೇ ಬಂದರು. ಹಾಳೆಯನ್ನು ಎರಡು ನಿಮಿಷ ನೋಡಿ, ಮೆಲ್ಲಗೆ ಮಗುಚಿಟ್ಟು, 'ಮೊದಲು ಮೀನು, ಆಮೇಲೆ ಬೆಂಕಿ' ಅಂದರು. ನಾನು ಮಿಕಮಿಕ ನೋಡಿದೆ.

ವಿಷಯ ಏನೆಂದರೆ, ಈ ಹಾಡುಗಳು 'ಕಾನೋನ್' ಅನ್ನುವ ದೊಡ್ಡ ಸ್ತುತಿಯ ತುಂಡುಗಳು. ಕಾನೋನಿನಲ್ಲಿ ಒಂಬತ್ತು ಭಾಗ, ಎರಡನೆಯದನ್ನು ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ಪ್ರತಿ ಭಾಗಕ್ಕೂ ಬೈಬಲಿನ ಒಂದು ಹಾಡು ಆಧಾರ. ಮೊದಲನೆಯದು ಮೋಶೆ ಸಮುದ್ರ ದಾಟಿದ್ದು. ಆರನೆಯದು ಮೀನಿನ ಹೊಟ್ಟೆಯಲ್ಲಿದ್ದ ಯೋನನದು. ಏಳು ಮತ್ತು ಎಂಟು, ರಾಜ ಬೆಂಕಿಗೆ ಹಾಕಿಸಿದರೂ ಸುಡದೆ ಉಳಿದ ಮೂವರು ಹುಡುಗರದು (ನನಗೆ ತಟ್ಟನೆ ಪ್ರಹ್ಲಾದ ನೆನಪಾದ). ನಾನು ಅಚ್ಚುಕಟ್ಟಾಗಿ ಬೆಂಕಿಯ ಪುಟವನ್ನು ಮುಂದೆ ಹಾಕಿದ್ದೆ. ಭಾಗದ ಸಂಖ್ಯೆ ಬರೆದಿದ್ದ ಅಂಚನ್ನು ಬೈಂಡರ್ ಕತ್ತರಿಸಿದ್ದ ಅನ್ನುವುದು ನನ್ನ ಸಮಜಾಯಿಷಿ, ಆದರೆ ಸಂಖ್ಯೆ ಇದ್ದಿದ್ದರೂ ನನಗೆ ಓದಕ್ಕೆ ಬರ್ತಿತ್ತಾ?

ನನಗೆ ನಿಜಕ್ಕೂ ರುಚಿ ಹತ್ತಿದ್ದು ಆ ಗೀಟು ಕೊಕ್ಕೆಗಳಿಂದ. ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ಸರಳೆ, ಜಂಟಿ ವರಸೆ ಕಲಿತವಳು ನಾನು. ನಮ್ಮಲ್ಲಿ 'ಗ' ಅಂತ ಬರೆದರೆ ಆ ಸ್ವರ ಎಲ್ಲಿದೆ ಅಂತ ಗೊತ್ತು. ಇಲ್ಲಿ ಹಾಗಲ್ಲ. ಒಂದು ಚಿಹ್ನೆ, ಐಸೋನ್, ಅಂದರೆ ಇದ್ದಲ್ಲೇ ಇರು. ಓಲಿಗೋನ್ ಅಂದರೆ ಒಂದು ಮೆಟ್ಟಿಲು ಹತ್ತು. ಅಪೋಸ್ಟ್ರೊಫೋಸ್ ಅಂದರೆ ಒಂದು ಇಳಿ. ನಾಲ್ಕು ಮೆಟ್ಟಿಲು ಒಮ್ಮೆಲೇ ಹಾರುವುದಕ್ಕೂ ಒಂದು ಚಿಹ್ನೆ ಇದೆ. ಎಲ್ಲವೂ ಹಿಂದಿನ ಸ್ವರದಿಂದ ಲೆಕ್ಕ. 'ಅಲ್ಲಿಂದ ಎರಡು ಕ್ರಾಸ್ ಮುಂದೆ ಬನ್ನಿ' ಅಂತ ಬೆಂಗಳೂರಿನಲ್ಲಿ ವಿಳಾಸ ಹೇಳ್ತಾರಲ್ಲ, ಥೇಟ್ ಹಾಗೆ. ಎಲ್ಲಿಂದ ಅನ್ನುವುದು ತಪ್ಪಿದರೆ ಮುಗೀತು. ಆ 'ಎಲ್ಲಿಂದ' ಅನ್ನುವುದನ್ನು ಹಾಡಿನ ಶುರುವಿನಲ್ಲಿ ಒಂದು ಗುರುತು ಹೇಳುತ್ತದೆ, ಎಂಟು ಇಖೋಸ್‌ಗಳಲ್ಲಿ (ನಮ್ಮ ರಾಗದ ದೂರದ ನೆಂಟರು ಅನ್ನೋಣ) ಇದು ಯಾವುದು ಅಂತ. ನಮ್ಮ ಹಾಳೆ ಶುರುವಾಗುವುದೋ ಒಂದು ಹಾಡಿನ ನಡುವಿನಿಂದ.

ಹಾಗಾದರೆ ಆ ಅರ್ಧ ಹಾಡು ಹೋದಂತೆಯೇ ಅಂದೆ. ಅವರು ನಕ್ಕು, ಪೆನ್ಸಿಲಿನ ಹಿಂಬದಿಯಿಂದ ನನ್ನ ಪ್ರಿಂಟಿನ ಮೇಲೆ ಹಾಡಿನ ಕೊನೆ ತೋರಿಸಿದರು. ಇಖೋಸ್ ಯಾವುದು ಅಂತ ಕೆಳಗಿನ ಹಾಡಿನ ಗುರುತು ಹೇಳುತ್ತದೆ, ಈ ಹಾಡೂ ಅದೇ ಕಾನೋನಿನದು. ಅಂದರೆ ಕೊನೆಗೆ ಎಲ್ಲಿ ಬಂದು ನಿಲ್ಲಬೇಕು ಅಂತ ಗೊತ್ತು. ಅಲ್ಲಿಂದ ಹಿಂದಕ್ಕೆ ಲೆಕ್ಕ. ಹತ್ತು ಅಂದಲ್ಲಿ ಇಳಿ, ಇಳಿ ಅಂದಲ್ಲಿ ಹತ್ತು. ಬೆರಳು ಮಡಚುತ್ತಾ ಒಂದೊಂದೇ ಚಿಹ್ನೆ ಹಿಂದೆ ಹೋಗಿ ಪುಟದ ತಲೆಗೆ ಮುಟ್ಟಿದಾಗ ಶುರುವಿನ ಸ್ವರ ಸಿಕ್ಕಿಯೇಬಿಟ್ಟಿತು. ನಾನು ಕಾಫಿ ಮರೆತು ಕೂತಿದ್ದೆ. ಇಷ್ಟಾಗಿ, ಇವತ್ತು ಗ್ರೀಕ್ ಚರ್ಚುಗಳಲ್ಲಿ ಬಳಸುವುದು 1814ರಲ್ಲಿ ಸುಧಾರಿಸಿದ ಬರವಣಿಗೆಯಂತೆ. ಅದರ ಸ್ವರಗಳು ಪ, ವು, ಗ, ದಿ, ಕೆ, ಝೋ, ನಿ. ಸರಿಗಮದ ಜೊತೆ ನಂಟು ಹುಡುಕಬೇಡಿ, ಅದು ಅವರ ಮೊದಲ ಏಳು ಅಕ್ಷರಗಳಿಂದ ಮಾಡಿದ್ದು. ನಾನು ಹುಡುಕಿ ಮುಖಭಂಗ ಮಾಡಿಕೊಂಡಿದ್ದೇನೆ.

ಓದುವ ಕೋಣೆಯಲ್ಲಿ ಹಾಡುವಂತಿಲ್ಲ. ಹಿಂದಿನ ಮೆಟ್ಟಿಲ ಬಳಿ ಹೋದೆವು. ಈಗಿನ ಚರ್ಚುಗಳಲ್ಲಿ ಒಬ್ಬರು ಹಾಡುವಾಗ ಉಳಿದವರು ಒಂದೇ ಸ್ವರ ಹಿಡಿದು ನಿಲ್ಲುತ್ತಾರೆ, ಅದಕ್ಕೂ ಐಸೋನ್ ಅಂತಲೇ ಹೆಸರು. 'ನೀವು ಹಿಡೀತೀರಾ?' ಅಂದರು. ಶ್ರುತಿ ಹಿಡಿಯುವುದು ನನಗೆ ಹೇಳಿಕೊಡಬೇಕಾ! ಅವರು ಮೀನಿನಿಂದ ಶುರು ಮಾಡಿದರು. ಪುಟ ತಿರುವಿದ ಕಡೆ ಅರ್ಧ ಪದ ಇನ್ನರ್ಧಕ್ಕೆ ಸಲೀಸಾಗಿ ಸೇರಿಕೊಂಡು ಬೆಂಕಿಗೆ ಹೋಯಿತು. ಎರಡನೇ ಬದಿಯ ಕೊನೇ ಸಾಲಿನಲ್ಲಿ ಹಾಳೆ ಮುಗಿದು, ಪದದ ನಡುವೆಯೇ ಥಟ್ಟನೆ ನಿಲ್ಲಿಸಿದರು. ನನಗೆ ಗೊತ್ತಾಗದೆ ನಾನು ಇನ್ನೂ ಹಿಡಿದೇ ಇದ್ದೆ. ಮೇಲಿನ ಬಾಗಿಲು ತೆಗೆದು ಸೆಕ್ಯುರಿಟಿಯವನು ಬಗ್ಗಿ ನೋಡಿ, ಹೀಟರ್ ಏನಾದರೂ ಕೆಟ್ಟಿದೆಯಾ ಅಂತ ಕೇಳಿದ.