ಮಳೆಗಾಲದಲ್ಲಿ ಇಳಿಯುವ ಅಂಕ

ಉಡುಪಿಯ ಕರಾವಳಿಯಲ್ಲಿ ಆಘಾತ ಮತ್ತು ಆತಂಕದ ಮನೋಚಿಕಿತ್ಸೆಯನ್ನು ಅಧ್ಯಯನ ಮಾಡುತ್ತಾ ನಾನು ಕಲಿತ ಪಾಠ ಚಿಕಿತ್ಸೆಯ ವಿಧಾನಕ್ಕಿಂತ ಹೆಚ್ಚಾಗಿ, ಅದರ ಫಲವನ್ನು ಯಾವ ತಿಂಗಳಿನಲ್ಲಿ ಅಳೆಯುತ್ತೇವೆ ಎಂಬುದಕ್ಕೆ ಸಂಬಂಧಿಸಿದ್ದು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಲ್ಪೆ, ಗಂಗೊಳ್ಳಿಯ ಬೋಟುಗಳು ಬಂದರು ಸೇರುವ ಈ ಅವಧಿಯಲ್ಲೇ, ಸಮುದ್ರದ ಅವಘಡದಲ್ಲಿ ಬದುಕುಳಿದವರ ರೋಗಲಕ್ಷಣದ ಅಂಕಗಳೂ ಇಳಿಯುವುದನ್ನು ನಾನು ಗಮನಿಸುತ್ತಾ ಬಂದಿದ್ದೇನೆ.

ಒಬ್ಬರ ಉದಾಹರಣೆ ಕೊಡುತ್ತೇನೆ; ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ನದಿ ಸಮುದ್ರ ಸೇರುವ ಅಳಿವೆಬಾಗಿಲಿನಲ್ಲಿ ಬೋಟು ಮಗುಚಿ, ಜೊತೆಗಿದ್ದವನು ಕಣ್ಣೆದುರೇ ಮುಳುಗಿದ್ದನ್ನು ಕಂಡ ಮೀನುಗಾರರು ಅವರು. ಜುಲೈನಲ್ಲಿ ಬಂದಾಗ ಅವರ ಹೆಂಡತಿ, "ಮೇಡಂ, ಈಗ ಏನೂ ತೊಂದರೆ ಇಲ್ಲ, ರಾತ್ರಿ ಒಳ್ಳೆ ನಿದ್ದೆ ಬರ್ತದೆ" ಎಂದರು. ಪ್ರಶ್ನಾವಳಿಯ ಅಂಕವೂ ಅದನ್ನೇ ಹೇಳುತ್ತಿತ್ತು. ಆದರೆ ಆ ಮೀನುಗಾರರು ಬೋಟುಗಳು ನಿಲ್ಲುವ ದಕ್ಕೆಯ ಕಡೆಗೆ ಹೋಗಿರಲಿಲ್ಲ, ಮೀನು ತರಲು ಮಗನನ್ನು ಕಳುಹಿಸುತ್ತಿದ್ದರು, ಗಾಳಿಯ ಸದ್ದು ಕೇಳಿದರೆ ಟಿವಿ ಜೋರಾಗಿ ಹಾಕುತ್ತಿದ್ದರು. ಮನೆಯವರೆಲ್ಲರೂ ಪ್ರೀತಿಯಿಂದಲೇ ಅವರನ್ನು ಸಮುದ್ರದಿಂದ ಮರೆಮಾಡಿದ್ದರು.

ಆಘಾತದ ನಂತರದ ರೋಗಲಕ್ಷಣಗಳನ್ನು ಅಳೆಯಲು ನಾವು ಬಳಸುವ ಪಿಸಿಎಲ್-5 ಎಂಬ ಪ್ರಶ್ನಾವಳಿಯಲ್ಲಿ 20 ಪ್ರಶ್ನೆಗಳಿವೆ. ಪ್ರತಿಯೊಂದಕ್ಕೂ ಸೊನ್ನೆಯಿಂದ 4ರವರೆಗೆ ಅಂಕ, ಒಟ್ಟು 80. ದುಃಸ್ವಪ್ನ, ಬೆಚ್ಚಿಬೀಳುವುದು, ನಿದ್ರೆ, ಸಿಟ್ಟು, ತನ್ನ ಮೇಲೇ ಹೊರಿಸಿಕೊಂಡ ತಪ್ಪು ಇವೆಲ್ಲ ಅದರಲ್ಲಿವೆ. ದೂರ ಸರಿಯುವುದರ ಬಗ್ಗೆ ಇರುವುದು ಮಾತ್ರ ಎರಡೇ ಪ್ರಶ್ನೆ. ಭಯದ ಮೂಲದಿಂದ ಪೂರ್ತಿಯಾಗಿ ದೂರ ಉಳಿದವರಿಗೆ ಆ ಎರಡರಲ್ಲಿ ಹೆಚ್ಚೆಂದರೆ 8 ಅಂಕ ಬರಬಹುದು, ಆದರೆ ಬೆಚ್ಚಿಬೀಳಲು ಕಾರಣವೇ ಎದುರಾಗದ ಕಾರಣ ಉಳಿದ ಹಲವು ಪ್ರಶ್ನೆಗಳ ಅಂಕ ಇಳಿದುಬಿಡುತ್ತದೆ. ಮೇಲಾಗಿ ಈ ಪ್ರಶ್ನಾವಳಿ ಸಾಮಾನ್ಯವಾಗಿ ಕಳೆದ ಒಂದು ತಿಂಗಳ ಸ್ಥಿತಿಯನ್ನು ಕೇಳುತ್ತದೆ. ಜುಲೈ ಕೊನೆಯಲ್ಲಿ ಕೇಳಿದರೆ ಆ ತಿಂಗಳಿನಲ್ಲಿ ಬೋಟೂ ಇಲ್ಲ, ಅಳಿವೆಯೂ ಇಲ್ಲ. ಚಿಕಿತ್ಸೆ ಪಡೆದವರ ಅಂಕವೂ ಸರದಿಗಾಗಿ ಕಾಯುತ್ತಿರುವವರ ಅಂಕವೂ ಒಟ್ಟಿಗೇ ಇಳಿದರೆ, ಚಿಕಿತ್ಸೆಯಿಂದ ಆದ ನಿಜವಾದ ಲಾಭವೇ ಮಸುಕಾಗುತ್ತದೆ.

ಇದು ಕೇವಲ ಅಂಕಿಅಂಶದ ತೊಡಕಲ್ಲ. ಮನಶ್ಶಾಸ್ತ್ರಜ್ಞೆ ಎಡ್ನಾ ಫೋವಾ ರೂಪಿಸಿದ ದೀರ್ಘ ಎದುರಿಸುವಿಕೆಯ ಚಿಕಿತ್ಸೆಯಲ್ಲಿ ವ್ಯಕ್ತಿ ಘಟನೆಯನ್ನು ಮನಸ್ಸಿನಲ್ಲಿ ಮರಳಿ ಹಾದು ವಿವರವಾಗಿ ಹೇಳುತ್ತಾನೆ; ಜೊತೆಗೆ, ನಿಜವಾಗಿ ಅಪಾಯವಿಲ್ಲದಿದ್ದರೂ ತಾನು ಬಿಟ್ಟುಬಿಟ್ಟ ಜಾಗಗಳಿಗೆ ಹಂತಹಂತವಾಗಿ ಹೋಗುತ್ತಾನೆ. ಇದರಿಂದ ಹಳೆಯ ಭಯ ಅಳಿಸಿಹೋಗುವುದಿಲ್ಲ, ಅದರ ಪಕ್ಕದಲ್ಲಿ ಹೊಸ ಕಲಿಕೆಯೊಂದು ಬೆಳೆಯುತ್ತದೆ. ಆ ಹೊಸ ಕಲಿಕೆ ಕಲಿತ ಜಾಗಕ್ಕೇ ಅಂಟಿಕೊಳ್ಳುವ ಸ್ವಭಾವದ್ದು ಎಂಬುದನ್ನು ಮನಶ್ಶಾಸ್ತ್ರಜ್ಞ ಮಾರ್ಕ್ ಬೌಟನ್ ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ: ಸನ್ನಿವೇಶ ಬದಲಾದೊಡನೆ ಭಯ ಮರಳಬಹುದು. ಆದ್ದರಿಂದ ಮಣಿಪಾಲದ ಗುಡ್ಡದ ಮೇಲೆ, ಚಿಕಿತ್ಸೆಯ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತು ಗಳಿಸಿದ ನೆಮ್ಮದಿ ಬೋಟಿನ ಮೇಲೆ ಉಳಿಯುತ್ತದೆಂದು ನಾವು ಊಹಿಸಿಕೊಳ್ಳುವಂತಿಲ್ಲ.

ಹೀಗಾಗಿ ಆ ಮೀನುಗಾರರ ಜೊತೆ ಕೂತು ಮೆಟ್ಟಿಲುಗಳನ್ನು ಬರೆದೆವು. ಮೊದಲು ದಕ್ಕೆಯಲ್ಲಿ ನಿಲ್ಲುವುದು, ಬಳಿಕ ಕಟ್ಟಿಹಾಕಿದ ಬೋಟನ್ನು ಹತ್ತುವುದು, ಎಂಜಿನ್ ಚಾಲೂ ಆದಾಗ ಕೆಳಗಿಳಿಯದೆ ಇರುವುದು, ನಿಷೇಧ ಮುಗಿದ ಮೇಲೆ ಶಾಂತ ದಿನದಲ್ಲಿ ಅಳಿವೆ ದಾಟಿ ಬರುವುದು. ಪ್ರತಿ ಮೆಟ್ಟಿಲಿನಲ್ಲೂ ಭಯ ಎಷ್ಟಿದೆಯೆಂದು ಸೊನ್ನೆಯಿಂದ 100ರೊಳಗೆ ಅವರೇ ಹೇಳುತ್ತಿದ್ದರು. ಇಲ್ಲೊಂದು ಎಚ್ಚರಿಕೆ ಬೇಕು. ಭಯವನ್ನು ತಾತ್ಕಾಲಿಕವಾಗಿ ತಗ್ಗಿಸುವ ಆಸರೆಗಳನ್ನು ಬಿಡಿಸುವುದು ಚಿಕಿತ್ಸೆಯ ಭಾಗ. ನಿಮಿಷಕ್ಕೊಮ್ಮೆ ಮನೆಗೆ ಫೋನ್ ಮಾಡುವುದು, ಅಲೆಯನ್ನು ನೋಡದೆ ಕ್ಯಾಬಿನ್ನಿನಲ್ಲೇ ಮುದುಡಿ ಕೂರುವುದು ಅಂಥವು. ಲೈಫ್ ಜಾಕೆಟ್ ಅಂಥದ್ದಲ್ಲ. ಸಮುದ್ರದ ಅಪಾಯ ನಿಜವಾದದ್ದು, ಜಾಕೆಟನ್ನು ಕಳಚುವಂತೆ ಯಾವ ಚಿಕಿತ್ಸಕರೂ ಎಂದಿಗೂ ಹೇಳಬಾರದು. ತರಬೇತಿಗೆ ಬರುವ ವಿದ್ಯಾರ್ಥಿಗಳಿಗೆ ನಾನು ಮೊದಲ ವಾರವೇ ಇದನ್ನು ಹೇಳುತ್ತೇನೆ.

ಈಗ ನಮ್ಮ ಅಳತೆಯ ವೇಳಾಪಟ್ಟಿ ಮೀನುಗಾರಿಕೆಯ ಕ್ಯಾಲೆಂಡರನ್ನು ಅನುಸರಿಸುತ್ತದೆ. ಅಂತಿಮ ಮೌಲ್ಯಮಾಪನ ಸೆಪ್ಟೆಂಬರ್ ಕೊನೆಗಿಂತ ಮೊದಲು ಇರುವುದಿಲ್ಲ. ಮಳೆಗಾಲದಲ್ಲೂ ಕಡಲಿಗಿಳಿಯುವ ನಾಡದೋಣಿಯವರಿಗೆ ಬೇರೆಯೇ ದಿನಗಳನ್ನು ಇಟ್ಟಿದ್ದೇವೆ. ಅಂಕದ ಪಕ್ಕದಲ್ಲಿ, ಅವಘಡಕ್ಕೆ ಮುಂಚೆ ಮಾಡುತ್ತಿದ್ದ ಕೆಲಸಗಳಲ್ಲಿ ಯಾವುದನ್ನು ಮತ್ತೆ ಮಾಡುತ್ತಿದ್ದಾರೆ, ಯಾವುದನ್ನು ಮಾಡುತ್ತಿಲ್ಲ ಎಂದು ಬರೆಯಲು ಒಂದು ಅಂಕಣವಿದೆ. ಅದನ್ನು ತುಂಬುವಾಗ ಮನೆಯವರೊಬ್ಬರು ಜೊತೆಗಿರಬೇಕೆಂದು ಕೇಳಿಕೊಳ್ಳುತ್ತೇವೆ.

ಕಡಲನ್ನೇ ಬಿಟ್ಟು ಅಂಗಡಿಯಲ್ಲೋ ವಸತಿ ಸಮುಚ್ಚಯದ ಕಾವಲಿಗೋ ಸೇರಿದವರನ್ನು ಗುಣವಾಗದವರ ಪಟ್ಟಿಗೆ ಸೇರಿಸಬೇಕೇ ಎಂದು ತಂಡದಲ್ಲಿ ಚರ್ಚೆಯಾಗುತ್ತದೆ. ಹಾಗೆ ಸೇರಿಸುವುದು ಅನ್ಯಾಯ ಎಂದು ನನ್ನ ನಿಲುವು. ಮನಸ್ಸಾದರೆ ಬೋಟು ಹತ್ತಬಲ್ಲೆ, ಆದರೆ ಈ ಸಂಬಳ, ಮನೆಯಲ್ಲಿ ಕಳೆಯುವ ಈ ರಾತ್ರಿಗಳು ನನಗೆ ಇಷ್ಟ ಎನ್ನುವವರೂ, ದಕ್ಕೆಯ ದಾರಿಯನ್ನೇ ಬಳಸದೆ ಸುತ್ತುಹಾಕಿ ಹೋಗುವವರೂ ಪ್ರಶ್ನಾವಳಿಯಲ್ಲಿ ಒಂದೇ ಅಂಕ ಪಡೆಯಬಹುದು. ಅವರನ್ನು ಬೇರ್ಪಡಿಸಲು ನಾವು ಈಗ, ಅವರು ಒಪ್ಪಿದರೆ, ಕೊನೆಯ ಭೇಟಿಯನ್ನು ದಕ್ಕೆಯಲ್ಲೇ ನಡೆಸುತ್ತಿದ್ದೇವೆ.