ಸುದ್ದಿ ಇರುವುದು ಕ್ರಿಯಾಪದದಲ್ಲಿ

ನಮಗೆ ಸಾರ್ವಜನಿಕ ಸಂಪರ್ಕ ಮತ್ತು ಮಾಧ್ಯಮ ಬರವಣಿಗೆ ಕಲಿಸಿದ ಮೇಡಂ ಅವರ ಸಂಶೋಧನೆಯ ಪ್ರಭಾವ ಎಷ್ಟು ಎಂದು ಅಂತರ್ಜಾಲದ ಉಲ್ಲೇಖ ಸೂಚಿಗಳಲ್ಲಿ ಹುಡುಕಿದರೆ ಸಿಗುವ ಅಂಕಿ ತೀರಾ ಸಣ್ಣದು. ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಕಚೇರಿಗಳಲ್ಲಿ ಕೂತು ಪತ್ರಿಕಾ ಪ್ರಕಟಣೆ ಬರೆಯುವ ಅವರ ಶಿಷ್ಯರ ಟಿಪ್ಪಣಿಗಳನ್ನು ಓದಿದರೆ ಸಿಗುವ ಲೆಕ್ಕ ಬೇರೆ. ಈ ಎರಡು ಲೆಕ್ಕಗಳ ನಡುವಿನ ಅಂತರ ಎಲ್ಲಿಂದ ಬಂತು ಎಂಬುದನ್ನು ಕಾಲೇಜಿನ ಸಂಚಿಕೆಯಲ್ಲಿ ದಾಖಲಿಸುವುದು ನಮ್ಮ ಕರ್ತವ್ಯ.

ಅವರ ಮೊದಲ ಪಾಠ ಕನ್ನಡ ವಾಕ್ಯದ ಕುರಿತು. ಮುಖ್ಯ ವಿಷಯ ಮೊದಲು, ವಿವರ ಆಮೇಲೆ ಎಂಬ ತಲೆಕೆಳಗಾದ ಪಿರಮಿಡ್ ಕ್ರಮ ಇಂಗ್ಲಿಷ್ ಪತ್ರಿಕೆಗಳಿಂದ ಬಂದದ್ದು. ಅಲ್ಲಿ ಕರ್ತೃವಿನ ಬೆನ್ನಿಗೇ ಕ್ರಿಯಾಪದ ಬರುತ್ತದೆ. ಕನ್ನಡದಲ್ಲಿ ಕ್ರಿಯಾಪದದ ಜಾಗ ವಾಕ್ಯದ ಕೊನೆ. 'ಜಿಲ್ಲಾಡಳಿತ, ಜಿಲ್ಲಾ ಪಂಚಾಯಿತಿ, ಪಶುಪಾಲನಾ ಇಲಾಖೆಯ ಸಂಯುಕ್ತಾಶ್ರಯದಲ್ಲಿ ಸೋಮವಾರ ಬೆಳಿಗ್ಗೆ 10 ಗಂಟೆಗೆ ಶಾಲಾ ಆವರಣದಲ್ಲಿ ಏರ್ಪಡಿಸಲಾಗಿದ್ದ ಕಾಲುಬಾಯಿ ಜ್ವರದ ಲಸಿಕೆ ಶಿಬಿರವನ್ನು ಮುಂದೂಡಲಾಗಿದೆ' ಎಂದು ಬರೆದರೆ ಅರ್ಧ ಓದಿದವರು ಸೋಮವಾರ ದನ ಹೊಡೆದುಕೊಂಡು ಬರುತ್ತಾರೆ. ಸುದ್ದಿ ಕೊನೆಯ ಪದದಲ್ಲಿ ಸಿಕ್ಕಿಕೊಂಡಿದೆ. ಮೇಡಂ ತಿದ್ದುತ್ತಿದ್ದ ರೀತಿ ಹೀಗೆ: 'ಸೋಮವಾರದ ಲಸಿಕೆ ಶಿಬಿರ ಮುಂದಕ್ಕೆ ಹೋಗಿದೆ. ಹೊಸ ದಿನ ಬುಧವಾರ, ಬೆಳಿಗ್ಗೆ 10 ಗಂಟೆ, ಅದೇ ಶಾಲೆ.' ಆಮೇಲೆ ಕಾರಣ, ಕೊನೆಗೆ ಸಂಘಟಕರು. ಮೊದಲ ವಾಕ್ಯ ಹತ್ತು ಪದ ದಾಟಬಾರದು, ಪದವಿ ಬಿರುದುಗಳಿಗೆ ಮೂರನೆಯ ಪ್ಯಾರಾಕ್ಕಿಂತ ಮೇಲೆ ಜಾಗವಿಲ್ಲ. ಡೆಸ್ಕಿನಲ್ಲಿ ಕತ್ತರಿ ಕೆಳಗಿನಿಂದ ಬೀಳುತ್ತದಲ್ಲ, ಆಗ ಹೋಗಬೇಕಾದದ್ದು ಬಿರುದು, ಉಳಿಯಬೇಕಾದದ್ದು ಬುಧವಾರ.

ಎರಡನೆಯ ಪಾಠಕ್ಕೆ ಅವರು ಆರಿಸಿಕೊಂಡದ್ದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗಕ್ಕೆ ಕನ್ನಡದಲ್ಲಿ ಅಂಟಿಕೊಂಡ ಹೆಸರೇ ಓದುಗರನ್ನು ದಾರಿ ತಪ್ಪಿಸುತ್ತದೆ. ಮನುಷ್ಯರಿಗೆ ವೈರಾಣು ದಾಟಿಸುವುದು ಉಣುಗು. ಮಂಗ ಸ್ವತಃ ರೋಗಕ್ಕೆ ಬಲಿಯಾಗುವ ಪ್ರಾಣಿ. ಅದು ಸತ್ತಾಗ ಮೈಮೇಲಿನ ಉಣುಗುಗಳು ಉದುರಿ ಸುತ್ತಲ ತರಗೆಲೆಯಲ್ಲಿ ಸೇರಿಕೊಳ್ಳುತ್ತವೆ, ಅಪಾಯ ಅಲ್ಲಿದೆ. 1993ರಲ್ಲಿ ಮಾಧ್ಯಮ ವಿದ್ವಾಂಸ ರಾಬರ್ಟ್ ಎಂಟ್‌ಮನ್ ಸುದ್ದಿಯ ಚೌಕಟ್ಟಿಗೆ, ಅಂದರೆ ವಿಷಯವನ್ನು ತೋರಿಸುವ ಕೋನಕ್ಕೆ, ನಾಲ್ಕು ಕೆಲಸ ಹೇಳಿದ್ದರು: ಸಮಸ್ಯೆ ಏನು, ಕಾರಣ ಯಾವುದು, ಸರಿ ತಪ್ಪು ಯಾವುದು, ಪರಿಹಾರ ಏನು. ಮೇಡಂ ಆರೋಗ್ಯ ಪ್ರಕಟಣೆಗಳನ್ನು ಈ ನಾಲ್ಕು ಕಲಂಗಳಲ್ಲಿ ಬಿಡಿಸಿ ಬರೆಸುತ್ತಿದ್ದರು. ಕಾರಣದ ಕಲಂನಲ್ಲಿ 'ಮಂಗ' ಎಂದು ಬಂದರೆ ಪರಿಹಾರದ ಕಲಂ ತಾನಾಗಿ ಕೆಡುತ್ತದೆ, ಜನ ಮಂಗನನ್ನು ಓಡಿಸುವ ದಾರಿ ಹುಡುಕುತ್ತಾರೆ. 'ಉಣುಗು' ಎಂದು ಬಂದರೆ ಪರಿಹಾರವೂ ಸರಿಯಾಗುತ್ತದೆ: ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಉಣುಗು ನಿವಾರಕ ಹಚ್ಚಿ, ಬಂದ ಮೇಲೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯಿರಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಸಾರ್ವಜನಿಕ ಸಂಪರ್ಕದ ವಿದ್ವಾಂಸರಾದ ಜೇಮ್ಸ್ ಗ್ರೂನಿಗ್ ಮತ್ತು ಟಾಡ್ ಹಂಟ್ 1984ರಲ್ಲಿ ವಿವರಿಸಿದ ದ್ವಿಮುಖ ಸಂವಹನವನ್ನೂ ಇಲ್ಲೇ ಕಲಿಸಿದರು. ಪ್ರಕಟಣೆ ಹೊರಟ ಮೇಲೆ ಆಶಾ ಕಾರ್ಯಕರ್ತೆಯರಿಗೆ ಜನ ಕೇಳಿದ ಪ್ರಶ್ನೆಗಳನ್ನು ಬರೆದು ತರಿಸಬೇಕು, ಮುಂದಿನ ಪ್ರಕಟಣೆ ಆ ಪ್ರಶ್ನೆಗಳಿಂದಲೇ ಶುರುವಾಗಬೇಕು.

ಮಳೆಗಾಲದ ಪಾಠ ಜಲಾಶಯದ ಮಟ್ಟ. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1,819 ಅಡಿ, ಇದು ಸಮುದ್ರಮಟ್ಟದಿಂದ. ಭದ್ರೆಯ 186 ಅಡಿಯ ಅಳತೆ ಹಾಗಲ್ಲ. ಎರಡನ್ನೂ ಒಂದೇ ಪಟ್ಟಿಯಲ್ಲಿ ವಿವರಣೆಯಿಲ್ಲದೆ ಹಾಕಿದರೆ ಓದುಗರಿಗೆ ಸಿಗುವುದು ಗೊಂದಲ. ಗರಿಷ್ಠ ಮಟ್ಟ ಪಕ್ಕದಲ್ಲೇ ಇರಬೇಕು, ಒಳಹರಿವು ಹೊರಹರಿವು ಅದಲುಬದಲಾಗಬಾರದು. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್, 11,574 ಕ್ಯುಸೆಕ್ ಇಡೀ ದಿನ ಹರಿದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ.

ಬರೆದದ್ದು ಕೆಲಸ ಮಾಡಿತೇ ಎಂದು ಅಳೆಯುವುದರಲ್ಲಿ ಮೇಡಂ ಅವರದು ಕಟ್ಟುನಿಟ್ಟು. ಅಚ್ಚಾದ ಜಾಗವನ್ನು ಕಲಂ ಸೆಂಟಿಮೀಟರಿನಲ್ಲಿ ಅಳೆದು ಜಾಹೀರಾತು ದರದಿಂದ ಗುಣಿಸುವ ಲೆಕ್ಕವನ್ನು ಅವರು ಒಪ್ಪುತ್ತಿರಲಿಲ್ಲ; ಸಂವಹನದ ಫಲ ಅಳೆಯುವುದಕ್ಕೆ ರೂಪಿಸಿದ 2010ರ ಬಾರ್ಸಿಲೋನಾ ತತ್ವಗಳೂ ಅದನ್ನು ತಳ್ಳಿಹಾಕಿವೆ. ಅವರ ಕ್ರಮದಲ್ಲಿ ಪ್ರತಿ ಪ್ರಕಟಣೆಯ ಪಕ್ಕಕ್ಕೆ ಅಚ್ಚಾದ ಸುದ್ದಿಯ ತುಣುಕು ಅಂಟಿಸಿ ಮೂರು ವಿಷಯ ಗುರುತಿಸಬೇಕು: ಮೊದಲ ಪ್ಯಾರಾ ಉಳಿಯಿತೇ, ಅಂಕಿ ಸರಿಯಾಗಿ ಬಂತೇ, ಓದುಗರು ಏನು ಮಾಡಬೇಕೆಂಬ ಸಾಲು ಉಳಿಯಿತೇ. ಇಬ್ಬರು ಒಬ್ಬರನ್ನೊಬ್ಬರು ಕೇಳದೆ ಗುರುತು ಹಾಕಬೇಕು. 100 ತುಣುಕುಗಳಲ್ಲಿ 90ಕ್ಕೆ ಇಬ್ಬರ ಗುರುತೂ ಒಂದೇ ಆದರೆ ಶೇ 90 ಹೊಂದಾಣಿಕೆ, ನೋಡಲು ಚೆಂದ. ಆದರೆ ಇಬ್ಬರೂ ಶೇ 80ರಷ್ಟು ತುಣುಕುಗಳಿಗೆ 'ಹೌದು' ಎಂದಿದ್ದರೆ ಬರೀ ಆಕಸ್ಮಿಕವಾಗಿಯೇ ಶೇ 68 ಹೊಂದುತ್ತದೆ. ಅದನ್ನು ಕಳೆದು, ಉಳಿದ ನಿಜವಾದ ಹೊಂದಾಣಿಕೆಯನ್ನು ಅಳೆಯುವ ಕೋಹೆನ್‌ ಅವರ ಕಪ್ಪಾ ತೆಗೆದರೆ 0.22 (0.90ರಲ್ಲಿ 0.68 ಕಳೆದದ್ದು) ಭಾಗಿಸು 0.32 (1ರಲ್ಲಿ 0.68 ಕಳೆದದ್ದು), ಅಂದರೆ 0.69. ಅಷ್ಟಕ್ಕೆ ಅವರು ಸಹಿ ಹಾಕುತ್ತಿರಲಿಲ್ಲ. ಗುರುತಿಸುವ ನಿಯಮವನ್ನು ಬಿಗಿಮಾಡಿ ಮತ್ತೆ ಮೊದಲಿನಿಂದ ಎಣಿಸಬೇಕಿತ್ತು.

ಇಷ್ಟು ಕೆಲಸ ಮಾಡಿದವರ ಎಚ್-ಸೂಚ್ಯಂಕ (ಲೇಖನಗಳಿಗೆ ಬಂದ ಉಲ್ಲೇಖಗಳಿಂದ ತೆಗೆಯುವ ಅಂಕಿ) ಸಣ್ಣದಾಗಲು ಕಾರಣ ಮುಖ್ಯವಾಗಿ ಎರಡು. ಒಂದು, ಹೆಸರು. ನಮ್ಮಲ್ಲಿ ಇನಿಷಿಯಲ್ ಮೊದಲು ಬರುತ್ತದೆ, ಕೆಲವು ನಿಯತಕಾಲಿಕಗಳು ಅದನ್ನು ಬಿಡಿಸಿ ಕೊನೆಗೆ ಹಾಕುತ್ತವೆ, ಒಬ್ಬರೇ ಇಬ್ಬರಾಗುತ್ತಾರೆ. ಐದು ಲೇಖನಗಳಿಗೆ 12, 9, 5, 4, 2 ಉಲ್ಲೇಖ ಬಂದಿದ್ದರೆ ಸೂಚ್ಯಂಕ 4, ಏಕೆಂದರೆ ಕನಿಷ್ಠ 4 ಉಲ್ಲೇಖ ಬಂದ ಲೇಖನಗಳು 4 ಇವೆ. ಅವೇ ಎರಡು ಹೆಸರುಗಳಲ್ಲಿ 12, 5, 2 ಮತ್ತು 9, 4 ಎಂದು ಹಂಚಿಹೋದರೆ ಎರಡೂ ಕಡೆ ಬರೀ 2. ಆರ್ಕಿಡ್ ಎಂಬ 16 ಅಂಕಿಗಳ ಸಂಶೋಧಕ ಗುರುತು ಪಡೆದು ಪ್ರತಿ ಲೇಖನಕ್ಕೂ ಅದನ್ನೇ ಜೋಡಿಸಿದರೆ ಇದು ಸರಿಹೋಗುತ್ತದೆ.

ಇನ್ನೊಂದು ಹೆಚ್ಚು ನೋವಿನ ಸಂಗತಿ. ಅವರ ಒಳ್ಳೆಯ ಲೇಖನಗಳು ಕನ್ನಡದಲ್ಲಿವೆ, ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಅಚ್ಚಾಗಿವೆ. ಪರದೆಯ ಮೇಲೆ ಕನ್ನಡ ಕಂಡರೂ ಕಡತದ ಒಳಗೆ ಇರುವುದು ರೋಮನ್ ಅಕ್ಷರ, ಚಿಹ್ನೆಗಳ ಸಾಲು. 'ಉಣುಗು' ಎಂದು ಹುಡುಕುವವರಿಗೆ ಆ ಪುಟ ಸಿಗುವುದೇ ಇಲ್ಲ. ಸಿಗದ ಲೇಖನವನ್ನು ಉಲ್ಲೇಖಿಸುವವರು ಯಾರು?

ಈ ಕಡತಗಳನ್ನು ಯೂನಿಕೋಡ್‌ಗೆ ತರುವ ಕೆಲಸಕ್ಕೆ ಕೈಹಾಕುವ ಕಿರಿಯರು ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಪರಿವರ್ತಕ ತಂತ್ರಾಂಶ ಅರ್ಕಾವೊತ್ತನ್ನು ಪಕ್ಕದ ಅಕ್ಷರಕ್ಕೆ ಜಾರಿಸಬಹುದು. ನಡುವೆ ಬರುವ ಇಂಗ್ಲಿಷ್ ಪದಗಳನ್ನು ಅರ್ಥವಿಲ್ಲದ ಕನ್ನಡವಾಗಿಸುತ್ತದೆ, ಆದ್ದರಿಂದ ಅವನ್ನು ಮೊದಲೇ ಗುರುತಿಸಿ ಬೇರೆ ಇಡಿ. ಮೂಲ ಕಡತವನ್ನು ಅಳಿಸಬೇಡಿ. ಕೋಷ್ಟಕಗಳ ಅಂಕಿಗಳನ್ನು ಒಬ್ಬರು ಗಟ್ಟಿಯಾಗಿ ಓದಿ, ಇನ್ನೊಬ್ಬರು ಅಚ್ಚಿನ ಪ್ರತಿಯಲ್ಲಿ ಬೆರಳಿಟ್ಟು ತಾಳೆ ನೋಡಿ.